ಹೊರಗಿನ ಖೋಲಿ

ಮನೀಷಾ ಒನಕೆ ಎತ್ತಿದ್ದಳು. ಪಡಸಾಲೆಯಿಂದ ಮಾವ ನಾಗಪ್ಪ ಸಾಕು ಎಂಬಂತೆ ಕೈ ಅಡ್ಡ ಮಾಡಿದ. ಮಗಳು ದೀಪಾಲಿಗೆ ಮೊಬೈಲಿನ ಕ್ಲಾಸು ಶುರುವಾಗಿತ್ತು. ಒರಳಿನಲ್ಲಿ ಶೇಂಗಾ ಅರ್ಧ ನುರಿದು ಎಣ್ಣೆ ಬಿಡುತ್ತಿದ್ದ ಹೊತ್ತು. ಈಗ ಬಿಟ್ಟರೆ ಚಟ್ನಿಯ ಹದ ಕೆಡುತ್ತದೆ. ಆದರೂ ಅವಳು ಒನಕೆಯನ್ನು ಸದ್ದಿಲ್ಲದೆ ಗೋಡೆಗಾನಿಸಿ ಕೂತಳು.

ಕೊರೋನಾ ಬಂದು ಯುಗಾದಿಗೆ ಮೊದಲೇ ಬಾಗಿಲು ಹಾಕಿದ್ದ ಸಾಲೆ ಇನ್ನೂ ತೆರೆದಿರಲಿಲ್ಲ. ಸೋಲಾಪುರದಲ್ಲಿ ವಿಜಾಪುರ ರಸ್ತೆಯ ಸಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಒಂಬತ್ತನೆಯ ಇಯತ್ತೆಯ ದೀಪಾಲಿ ಈಗ ಕಂದಲಗಾಂವದ ಈ ಪಡಸಾಲೆಯಲ್ಲೇ ಕಲಿಯಬೇಕು. ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿಸಿದವನು ನಾಗಪ್ಪ. "ಪೋರಿ ಕೈಯಾಗ ಮೊಬೈಲ್ ಅಂದ್ರ ನಾಕ್ ಮಂದಿ ಕಣ್ಣ ಮುಂದನ ಇರಬೇಕು" ಎಂದಿದ್ದ. ಹಾಗಾಗಿ ಚಹಾಕ್ಕೆ ಬಂದವರೆಲ್ಲ ಅವಳ ಕ್ಲಾಸನ್ನೂ ನೋಡಿ ಹೋಗುತ್ತಿದ್ದರು.

ಶ್ರಾವಣಕ್ಕೆ ಮುಂಚೆ ಒಂದು ದಿನ ಸರ್ ಅವಳಿಗೆ ಇಂಗ್ಲಿಷ್ ಪಾಠ ಓದಲು ಹೇಳಿದರು. ಅಷ್ಟೊಂದು ಜನ ಹಿಂದೆ ಕೂತಿರುವಾಗ ಅವಳ ನಾಲಿಗೆ ಒಂದೇ ಸಾಲಿನಲ್ಲಿ ಮತ್ತೆ ಮತ್ತೆ ತಡವರಿಸಿತು. ಪಕ್ಕದ ಹೊಲದ ಅಂಬಾದಾಸ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ, "ಏನ್ ನಾಗಪ್ಪಣ್ಣಾ, ಮೊಮ್ಮಗಳು ಆಡಿನ ಮರಿ ಆಗ್ಯಾಳಲ್ಲೋ! ಮ್ಯಾ... ಮ್ಯಾ..." ಎಂದ. ನಾಗಪ್ಪ ತೊಡೆ ತಟ್ಟಿಕೊಂಡು ನಕ್ಕ. ಮೈಕ್ ಚಾಲೂ ಇತ್ತು. ಇಡೀ ವರ್ಗ ಕೇಳಿಸಿಕೊಂಡಿತು. ಸಂಜೆಯೊಳಗೆ ಹುಡುಗರು ಗ್ರೂಪಿನ ತುಂಬ ಆಡಿನ ಚಿತ್ರ ಹಾಕಿದ್ದರು.

ಆಮೇಲೆ ದೀಪಾಲಿ ಕ್ಲಾಸಿನಲ್ಲಿ ಬಾಯಿ ತೆರೆಯಲಿಲ್ಲ. ಬೆಳಿಗ್ಗೆ 'ಪ್ರೆಸೆಂಟ್' ಎಂದು ಬರೆದು ಕೂತರೆ ಮುಗಿಯಿತು. "ಈಗ ನೋಡು, ಎಷ್ಟ್ ಶಾಂತ ಕೂಡತಾಳ" ಎಂದು ನಾಗಪ್ಪ ಹೆಮ್ಮೆಪಟ್ಟ. ಹೋದ ವಾರ ಎಣ್ಣೆ ಹಚ್ಚುವಾಗ ಮನೀಷಾಳ ಬೆರಳಿಗೆ ಮಗಳ ಕಿವಿಯ ಹಿಂದೆ ನುಣ್ಣನೆಯ ಚರ್ಮ ತಾಗಿತು. ರೂಪಾಯಿಯಷ್ಟಗಲ ಕೂದಲೇ ಇರಲಿಲ್ಲ. ಮೊಬೈಲಿನ ಮುಂದೆ ಕೂತು ಹುಡುಗಿ ಒಂದೊಂದೇ ಎಳೆ ಕಿತ್ತಿದ್ದಳು. ದಿನವಿಡೀ ನಾಲ್ಕು ಮಂದಿಯ ಕಣ್ಣ ಮುಂದೆ.

ಮನೀಷಾ ವರ್ಗದ ಟೀಚರ್ ಬಾಯಿಯವರಿಗೆ ಫೋನು ಮಾಡಿದಳು. ಮಕ್ಕಳ ಮನಸ್ಸಿನ ಮಾತು ಕೇಳಲೆಂದೇ ಸಾಲೆಯವರು ಒಬ್ಬ ಮೇಡಮ್ಮನ್ನು ಗೊತ್ತು ಮಾಡಿದ್ದರಂತೆ. ಶುಕ್ರವಾರ ಕ್ಲಾಸು ಮುಗಿದ ಮೇಲೆ ಅವರೇ ಫೋನು ಮಾಡುತ್ತಾರೆ. ಆಗ ಹುಡುಗಿಯ ಹತ್ತಿರ ಯಾರೂ ಇರಬಾರದು.

ನಾಗಪ್ಪ ಒಪ್ಪಲಿಲ್ಲ. "ಒಬ್ಬಾಕೀನ ಕೂತು ಮಾತಾಡಾಕ ಆಕಿಗೇನ್ ಹುಚ್ಚ ಹಿಡದೈತಿ? ಏನಿದ್ರೂ ಇಲ್ಲೇ ಮಾತಾಡ್ಲಿ." ಸೋಲಾಪುರದಾಚೆಯ ಚಿಂಚೋಳಿಯ ಕಾರ್ಖಾನೆಯಿಂದ ದಣಿದು ಬಂದಿದ್ದ ಗಂಡ ಸಿದ್ಧರಾಮ, "ಅಪ್ಪಾ ಅಂದಂಗ ಮಾಡು. ಸುಮ್ನ ಕಟಕಟಿ ಯಾಕ?" ಎಂದು ಮಗ್ಗುಲಾದ.

ಇವತ್ತು ಆ ಶುಕ್ರವಾರ. ಕ್ಲಾಸು ಮುಗಿಯಿತು. ಪೇಟೆಯ ಉಳ್ಳಾಗಡ್ಡಿ ಭಾವ ಎಷ್ಟಿದೆಯೆಂದು ನೋಡಲು ನಾಗಪ್ಪ ಮೊಬೈಲಿಗೆ ಕೈ ಚಾಚಿದ. ಮನೀಷಾ ಚಟ್ನಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

"ಮುಟ್ಟಬ್ಯಾಡ್ರಿ ಮಾವಾರ. ದೀಪಾಲಿ ಹೊರಗಾಗ್ಯಾಳ."

ನಾಗಪ್ಪನ ಕೈ ಸುಟ್ಟಂತೆ ಹಿಂದೆ ಬಂತು. ದೀಪಾಲಿ ಕಿವಿಯವರೆಗೆ ಕೆಂಪಾಗಿ ಅವ್ವನನ್ನೇ ನೋಡಿದಳು. ಮನೀಷಾ ದೂರದಿಂದಲೇ ಅವಳಿಗೆ ಸುಮ್ಮನಿರೆಂದು ಕಣ್ಸನ್ನೆ ಮಾಡಿ ಹೇಳಿದಳು: "ಆಕಿ ಮುಟ್ಟಿದ್ದು ಮನ್ಯಾಗ ಇಡೂ ಪದ್ಧತಿ ಇಲ್ಲಲ್ರಿ? ಮೊಬೈಲೂ ಆಕಿ ಜೋಡಿ ಖೋಲಿಗೆ ಹೋಗ್ತದ."

"ಮತ್ತ ನಾ ಭಾವ ನೋಡೂದು ಹ್ಯಾಂಗ?"

"ಅಂಬಾದಾಸ ಕಾಕಾರನ್ನ ಕೇಳ್ರಿ. ಅವರಿಗೆ ಆಡಿನ ಭಾಷಾನೂ ಬರ್ತದ."

ದೀಪಾಲಿ ಮೊಬೈಲು ಬಿಚ್ಚಿಕೊಂಡು ಅವ್ವನ ಹಿಂದೆ ನಡೆದಳು. ಕೊಟ್ಟಿಗೆಯ ಹಿಂದೆ ಇತ್ತು ಆ ಖೋಲಿ. ಒಂದು ಚಾಪೆ, ನೀರಿನ ಕೊಡ, ಬೇರೆ ತಾಟು. ಮುಟ್ಟಾದ ದಿನಗಳಲ್ಲಿ ಈ ಮನೆಯ ಹೆಂಗಸರು ಅಲ್ಲೇ ಇರಬೇಕು. ಆಗ ಗಂಡಸರು ಆ ಕಡೆ ಹಾಯುವುದೂ ಇಲ್ಲ.

"ಮಮ್ಮಿ, ಅಜ್ಜಾನ ಮುಂದ ಸುಳ್ಳ ಹೇಳಿದಿ!" ದೀಪಾಲಿಯ ಪಿಸುದನಿಯಲ್ಲಿ ಸಿಟ್ಟಿತ್ತು, ಇನ್ನೇನೋ ಇತ್ತು.

"ಹೇಳಿದ್ನಿ. ಕೂಡು. ನಿನಗ ಬೇಕಂದ್ರ ಮಾತಾಡು. ಬ್ಯಾಡಂದ್ರ ಸುಮ್ನ ಕೂಡು. ಯಾರೂ ಬರೂದಿಲ್ಲ."

ಫೋನು ಬಂತು. ಮನೀಷಾ ಬಾಗಿಲು ಮುಂದೆ ಮಾಡಿ ಹೊರಗೆ ನಿಂತಳು. ಒಳಗಿನಿಂದ ಮೊದಲು ಮೇಡಮ್ಮಿನ ದನಿಯಷ್ಟೇ ಕೇಳಿಸಿತು. ಆಮೇಲೆ ಮರಾಠಿಯಲ್ಲಿ ಒಂದು ಮಾತು, ಇನ್ನೊಂದು, ಆಮೇಲೆ ಬಿಕ್ಕು. ಮಾತು ಸ್ಪಷ್ಟವಾಗುತ್ತಿದ್ದಂತೆ ಅವಳು ಬೇವಿನ ಗಿಡದವರೆಗೆ ಸರಿದು ಹೋದಳು. ಅಲ್ಲಿಗೆ ದನಿ ಮಾತ್ರ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಅತ್ತೆ ಕಸ್ತೂರಬಾಯಿ ಕೊಟ್ಟಿಗೆ ಬಳಸಿ ಬಂದಳು. "ಹೋದ ವಾರನ ಆಗಿದ್ಲಲ್ಲಾ ಪೋರಿ? ಖೋಲಿಗೆ ಹೋಗೂ ಮುಂದ ಉಪ್ಪಿನಕಾಯಿ ಭರಣಿ ಮುಟ್ಟಬ್ಯಾಡಂತ ನಾನ ಬೈದಿದ್ನಿ."

"ಹೋದ ವಾರನೂ ಆಗಿದ್ಲು, ಇವತ್ತೂ ಆಗ್ಯಾಳ. ಬರೂ ಶುಕ್ರವಾರನೂ ಆಗ್ತಾಳ್ರಿ ಅತ್ಯಾ."

"ದೇವರ ಮನಿ ಇರೂ ಮನ್ಯಾಗ ಇಂಥಾ ಸುಳ್ಳ?"

"ಆಕಿ ಕಿವಿ ಹಿಂದ ಒಮ್ಮೆ ಕೈ ಆಡಿಸಿ ನೋಡ್ರಿ. ಆಮ್ಯಾಲ ದೇವರಿಗೆ ನೀವ ಹೇಳ್ರಿ."

ಕಸ್ತೂರಬಾಯಿ ಖೋಲಿಯ ಕಡೆ ನೋಡಿದಳು. ಒಳಗೆ ಹುಡುಗಿ ಈಗ ಗಡಗಡ ಮಾತಾಡುತ್ತಿದ್ದಳು, ಯಾರನ್ನೋ ಬಯ್ಯುವಂತೆ. ಒಮ್ಮೆಯೂ ತಡವರಿಸಲಿಲ್ಲ.

"ನಾ ಮದಿವ್ಯಾಗಿ ಬಂದಾಗ," ಮುದುಕಿ ಬೇವಿನ ಕಟ್ಟೆಗೆ ಕೂಡುತ್ತ ಹೇಳಿದಳು, "ನಿಮ್ಮ ಮಾವನ ಅಕ್ಕಾನೂ ನಾನೂ ಅಲ್ಲೇ ಕೂಡತಿದ್ವಿ. ಹೊಟ್ಟಿ ಹುಣ್ಣಾಗುವಂಗ ನಗತಿದ್ವಿ ನೋಡು. ಒಳಗ ಬಂದಮ್ಯಾಲ ಮತ್ತ ಬಾಯಿ ಬಂದ್."

ಮನೆಯ ಮೂಲೆಯಲ್ಲಿ ನಾಗಪ್ಪನ ತಲೆ ಕಂಡಿತು. "ಮುಗೀತೇನ್ರೇ?"

"ಅಲ್ಲೇ ನಿಲ್ರಿ!" ಕಸ್ತೂರಬಾಯಿ ಕೂತಲ್ಲಿಂದಲೇ ಕೂಗಿದಳು. "ಈ ವಯಸ್ಸಿನ್ಯಾಗ ಇತ್ತಾಗ ಬರಾಕ ನಾಚಿಕಿಲ್ಲಾ?"

ತಲೆ ಮಾಯವಾಯಿತು.

ದೀಪಾಲಿ ಹೊರಗೆ ಬಂದಾಗ ಕಣ್ಣು ಊದಿದ್ದವು. "ಹಸಿವ್ಯಾಗೈತಿ ಮಮ್ಮಿ" ಎಂದಳು ಹುಡುಗಿ. ಎಷ್ಟೋ ದಿನಗಳ ಮೇಲೆ ಅವಳಾಗಿಯೇ ಕೇಳಿದ ಊಟ ಅದು. ಕಸ್ತೂರಬಾಯಿ, "ಇಲ್ಲೇ ಕೂಡು, ನಾ ತರ್ತೀನಿ. ಈಗ ಒಳಗ ಬಂದ್ರ ಅಜ್ಜಗ ಏನ್ ಹೇಳೂಣು?" ಎಂದು ಮಂಡಿ ಹಿಡಿದುಕೊಂಡು ಎದ್ದಳು.

ದೀಪಾಲಿ ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತಳು. ಮನೀಷಾ ಚಾಪೆ ಸುತ್ತಿಡಲು ಖೋಲಿಯೊಳಗೆ ಹೋದಳು. ಮದುವೆಯಾದಾಗಿನಿಂದ ತಿಂಗಳು ತಿಂಗಳು ಕೂತೆದ್ದ ಜಾಗ. ಆದರೂ ಬಾಗಿಲಿನ ಈ ಮಗ್ಗುಲನ್ನು ಅವಳು ಸರಿಯಾಗಿ ನೋಡಿದ್ದು ಇವತ್ತೇ. ಚಿಲಕವಿದ್ದದ್ದು ಹೊರಗಡೆ ಮಾತ್ರ. ಒಳಗಡೆ ಬರೀ ಹಲಗೆ.

ಅವಳು ಹಲಗೆಯ ಮೇಲೆ ಅಂಗೈ ಇಟ್ಟು, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಗಲಿಸಿ ಅಳೆದಳು. ಚೌಕಟ್ಟಿನ ಮರ ಗಟ್ಟಿಯಿದೆಯೇ ಎಂದು ಉಗುರಿನಿಂದ ಒತ್ತಿ ನೋಡಿದಳು. ಸೋಲಾಪುರದಲ್ಲಿ ಚಿಲಕ, ಮೊಳೆ ಮಾರುವ ಅಂಗಡಿಗಳು ಅರ್ಧ ದಿನ ತೆರೆದಿರುತ್ತವೆಂದು ಗಂಡ ನಿನ್ನೆ ಹೇಳಿದ್ದ. ಹೊರಗಿನಿಂದ, "ಮನೀಷಾ, ಏನ್ ಮಾಡಾಕತ್ತಿ ಅಲ್ಲಿ?" ಎಂದು ಅತ್ತೆ ಕರೆದಳು.

"ಏನಿಲ್ರಿ" ಎಂದು, ಅಳತೆ ತಪ್ಪದಂತೆ ಬೆರಳುಗಳನ್ನು ಹಾಗೆಯೇ ಅಗಲಿಸಿಕೊಂಡು ಮನೀಷಾ ಹೊರಗೆ ಬಂದಳು.