ಕ್ಯಾಚರ್‌ಗೆ ಗೊತ್ತಿರುತ್ತೆ

ಕಣಜದ ಹುಳು, ಫೋನಿನ ಕಪ್ಪು ಗಾಜಿನ ಮೇಲೆ ನಡೆಯುತ್ತಿದೆ, ಒಂದು ಕಾಲು ಎತ್ತುತ್ತದೆ, ಯೋಚಿಸುತ್ತದೆ, ಇಡುತ್ತದೆ, ಯಾರೂ ಓಡಿಸುವುದಿಲ್ಲ, ಓಡಿಸಬೇಕಾದರೆ ಫೋನು ಮುಟ್ಟಬೇಕು, ಮುಟ್ಟಿದರೆ ಬರುವ ಕರೆ ಬಾರದೆ ಹೋದೀತು, ಹಾಗಾಗಿ ಹನ್ನೊಂದು ಜನ ಉಸಿರು ಬಿಗಿಹಿಡಿದು ಒಂದು ಕಣಜವನ್ನು ನೋಡುತ್ತ ಕೂತಿದ್ದೇವೆ — ಡಾಲ್ಟನ್‌ನ ಫೋನು, ಡಾಲ್ಟನ್‌ನ ಮನೆ ಪಕ್ಕದ ಕಾರು ನಿಲ್ಲಿಸುವ ತಗಡಿನ ಮಾಡು, ಡಾಲ್ಟನ್‌ನ ದಿನ, ಬೇಯಿಸಿದ ಶೇಂಗಾಕ್ಕೆ ಉಪ್ಪು ಕೂಡ ಡಾಲ್ಟನ್‌ಗೆ ಬೇಕಾದಷ್ಟು. ಟೀವಿಯನ್ನು ಹೊರಗೆ ತಂದು ಐಸ್ ಪೆಟ್ಟಿಗೆಯ ಮೇಲೆ ಇಟ್ಟಿದ್ದಾರೆ, ಐಸ್ ಹೊತ್ತವನು ನಾನು, ಏಕೆಂದರೆ ಅವನ ಅಮ್ಮ ಮಿಸ್ ಟ್ಯಾಮಿ ಒಳಗಿನಿಂದಲೇ ಕೂಗಿದರು, ಡಾಲ್ಟನ್, ಆ ಕೈಲಿ ಏನೂ ಎತ್ತಬೇಡ, ರೀಡ್ ಎತ್ತಲಿ — ಆ ಕೈ, ಚೆಂಡೆಸೆಯುವ ಆ ಬಲಗೈ, ಅದಕ್ಕೆ ಈ ಮನೆಯಲ್ಲಿ ಬೇರೆ ತಟ್ಟೆಯೊಂದನ್ನು ಇಡುವುದು ಮಾತ್ರ ಬಾಕಿ. ಟೀವಿಯಲ್ಲಿ ಬೇಸ್‌ಬಾಲ್ ಕ್ಲಬ್ಬುಗಳು ಒಂದರ ಹಿಂದೆ ಒಂದು ತಾವು ಆರಿಸಿಕೊಂಡ ಹುಡುಗರ ಹೆಸರು ಕರೆಯುತ್ತಿವೆ, ಮೂರನೆಯ ಸುತ್ತು ಮುಗಿಯಿತು, ಸುತ್ತು ಇಳಿದಂತೆ ಸಹಿ ಹಾಕಿದವನಿಗೆ ಕೊಡುವ ಹಣವೂ ಇಳಿಯುತ್ತದೆ, ಡಾಲ್ಟನ್‌ನ ಅಪ್ಪ ಮಿಸ್ಟರ್ ರಾಯ್ಸ್ ಮಾತ್ರ ಇಳಿಯುವುದಿಲ್ಲ, ಏಳು ಲಕ್ಷ ಡಾಲರ್, ಒಂದು ಸೆಂಟ್ ಕಮ್ಮಿಯಾದ್ರೂ ನನ್ನ ಮಗ ಕಾಲೇಜಿಗೇ, ಎಂದು ಜನವರಿಯಿಂದ ಹೇಳುತ್ತಿದ್ದಾರೆ, ಚರ್ಚಿನಲ್ಲಿ, ಕ್ಷೌರದಂಗಡಿಯಲ್ಲಿ, ಮೀನಿನ ಗಾಳ ಮಾರುವವನ ಹತ್ತಿರವೂ. ಏಜೆಂಟು ಏನಂತಾನೆ, ಎಂದು ಪಪಾ ಕೇಳುತ್ತಾರೆ, ಡಾಲ್ಟನ್‌ನ ಅಜ್ಜ, ಮಿಸ್ ಟ್ಯಾಮಿ ಅವರ ಮೊಣಕೈ ಚಿವುಟುತ್ತಾರೆ, ಏಜೆಂಟು ಅನ್ನಬೇಡಿ ಅಂತ ಎಷ್ಟು ಸಲ ಹೇಳ್ಲಿ, ಸಲಹೆಗಾರ, ಸಲಹೆಗಾರ, ಕಾಲೇಜಿನವರ ಕಿವಿಗೆ ಬಿದ್ರೆ ಹುಡುಗ ಅಲ್ಲಿ ಆಡೋ ಹಾಗೇ ಇಲ್ಲ. ಸರಿ, ಸಲಹೆಗಾರ, ಎನ್ನುತ್ತ ಪಪಾ ನನ್ನ ಕಡೆ ತಿರುಗುತ್ತಾರೆ, ಲೇ ರೀಡ್, ನೀನ್ಯಾಕೋ ಉಪ್ಪಿನಕಾಯಿ ಕಚ್ಚಿದ ಹಾಗೆ ಮುಖ ಮಾಡಿದ್ದೀಯಾ, ಫೋನು ನಿನಗಾ ಬರೋದು? ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಕಣಜ ಹಾರುತ್ತದೆ.

ನನಗಲ್ಲ, ಯಾವತ್ತೂ ನನಗಲ್ಲ, ಎಡಗೈ ಮುಷ್ಟಿ ಮಾಡಿದರೆ ಇನ್ನೂ ನೋಯುತ್ತದೆ, ತೋರುಬೆರಳಿನ ಬುಡ ಒಂಬತ್ತನೆಯ ತರಗತಿಯಿಂದ ನೇರಳೆ ಬಣ್ಣ, ನಾನು ಅವನ ಕ್ಯಾಚರ್, ಅವನು ಎಸೆದದ್ದನ್ನೆಲ್ಲ ಹಿಡಿದದ್ದು ಈ ಕೈ, ಗಂಟೆಗೆ ತೊಂಬತ್ತೈದು ಮೈಲಿಯ ಅವನ ವೇಗ ಸ್ಕೌಟುಗಳ ಗನ್ನಿನಲ್ಲಿ ಅಂಕಿಯಾಗುತ್ತದೆ, ನನ್ನ ಅಂಗೈಯಲ್ಲಿ ಊತವಾಗುತ್ತದೆ. ಎರಡು ವರ್ಷದಿಂದ ಈ ಸ್ಕೌಟುಗಳು, ಕ್ಲಬ್ಬುಗಳಿಗೆ ಹುಡುಗರನ್ನು ಹುಡುಕುವವರು, ಬರುತ್ತಿದ್ದರು, ಹುಲ್ಲಿನ ಟೋಪಿ, ಸೂರ್ಯಕಾಂತಿ ಬೀಜ, ವೇಗ ಅಳೆಯುವ ಗನ್ನು, ನನ್ನ ಬೆನ್ನ ಹಿಂದಿನ ಬಲೆಯಾಚೆ ಸಾಲಾಗಿ ಕೂರುತ್ತಿದ್ದರು, ನಾನು ಕುಕ್ಕರುಗಾಲಲ್ಲಿ, ಹನ್ನೆರಡು ಗನ್ನುಗಳು ನನ್ನ ತಲೆಯ ಮೇಲಿಂದ ಹಾದು ಅವನ ಕಡೆಗೆ, ಹೊರಗೆ ಹೋದ ಚೆಂಡನ್ನು ಮೆತ್ತಗೆ ಒಳಗೆ ಎಳೆದು ಅಂಪೈರನ ಕಣ್ಣಿಗೆ ಒಳ್ಳೆಯದೆಂದು ತೋರಿಸಿದ್ದು ಯಾರು, ಮಣ್ಣಿಗೆ ಬಿದ್ದದ್ದನ್ನು ಎದೆಯೊಡ್ಡಿ ತಡೆದದ್ದು ಯಾರು, ಬೆನ್ನನ್ನು ಯಾರು ನೋಡುತ್ತಾರೆ. ಅದಕ್ಕೇ ಏಪ್ರಿಲಿನಲ್ಲಿ, ಆಟ ಮುಗಿದ ಮೇಲೆ, ಆ ಸ್ಕೌಟುಗಳಲ್ಲೊಬ್ಬರಾದ ಮಿಸ್ಟರ್ ಬಿಗರ್ಸ್ ಬಲೆಗೆ ಬೆರಳು ಸಿಕ್ಕಿಸಿ, ಮಗಾ, ಒಂದ್ನಿಮಿಷ ಸಿಗ್ತೀಯಾ, ಎಂದಾಗ — ನಾನು ಮುಖವಾಡ ತೆಗೆದು ಕೂದಲು ಸರಿಮಾಡಿಕೊಂಡೆ, ಅಯ್ಯೋ, ಆ ಕೂದಲು ಸರಿಮಾಡಿಕೊಂಡದ್ದು, ಅಂಗಿಯ ಮಣ್ಣು ಕೊಡವಿದ್ದು, ಹೇಳಿ ಸರ್ ಎಂದ ನನ್ನ ಧ್ವನಿ. ಅವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು, ಪೆನ್ನಿನ ಮುಚ್ಚಳ ತೆಗೆದರು, ಡಾಲ್ಟನ್‌ನ ನಿಜವಾದ ಅಂಕಿ ಎಷ್ಟಪ್ಪಾ, ಕೊನೆಗೆ ಎಷ್ಟಕ್ಕೆ ಸಹಿ ಹಾಕ್ತಾನೆ? ನೋಡು, ಅಪ್ಪ ಅಮ್ಮ ಒಂದ್ ಅಂಕಿ ಹೇಳ್ತಾರೆ, ಏಜೆಂಟು ಇನ್ನೊಂದು ಹೇಳ್ತಾನೆ, ಇಪ್ಪತ್ತೆಂಟು ವರ್ಷದಿಂದ ನಾನು ಅವರನ್ನ ಕೇಳೋದೇ ಬಿಟ್ಟಿದ್ದೀನಿ, ಕ್ಯಾಚರ್‌ಗೆ ಗೊತ್ತಿರುತ್ತೆ. ಗೊತ್ತಿತ್ತು. ಅದಕ್ಕೆ ಒಂದು ವಾರ ಮುಂಚೆ ಬೇಲಿ ಹತ್ತಿರ ಆಟಕ್ಕೆ ಮುಂಚೆ ಕೈ ಸಡಿಲಿಸಿಕೊಳ್ಳುತ್ತ ಡಾಲ್ಟನ್ ಹೇಳಿದ್ದ, ಅಪ್ಪ ಏಳು ಲಕ್ಷ ಅಂತಾರೆ, ನಾನು ಬರೀ ಎರಡು ಲಕ್ಷಕ್ಕೂ ಹೋಗ್ತೀನಿ ಕಣೋ, ಬಸ್ ಟಿಕೆಟ್ ಕೊಟ್ರೂ ಹೋಗ್ತೀನಿ, ಕಾಲೇಜಿಗೆ ಸೇರಿದ್ರೆ ಮೂರು ವರ್ಷ ಯಾವ ಕ್ಲಬ್ಬೂ ಮುಟ್ಟೋ ಹಾಗಿಲ್ಲ, ಅಷ್ಟರಲ್ಲಿ ಈ ಮೊಣಕೈ ಕಿತ್ತುಹೋದ್ರೆ, ಯಾರಿಗೂ ಹೇಳ್ಬೇಡ, ನಿನಗೆ ಮಾತ್ರ. ನನಗೆ ಮಾತ್ರ. ಬಿಗರ್ಸ್ ಕಾಯುತ್ತಿದ್ದರು, ಅವರ ಕಣ್ಣು ಆಗಲೇ ನನ್ನನ್ನು ದಾಟಿ ಡಾಲ್ಟನ್‌ನ ಕಡೆ ಹೋಗಿತ್ತು, ಅವನು ಭುಜಕ್ಕೆ ಐಸ್ ಕಟ್ಟಿಸಿಕೊಂಡು ಯಾವುದೋ ಹುಡುಗಿಯ ಜೊತೆ ನಗುತ್ತಿದ್ದ, ಮತ್ತು ನಾನು, ನಾನೇ, ಯಾರೂ ನನ್ನ ಬಾಯಿ ಬಿಡಿಸಲಿಲ್ಲ, ಹತ್ತು ಲಕ್ಷಕ್ಕೆ ಕಮ್ಮಿ ಆದ್ರೆ ಅವನು ಹೋಗಲ್ಲ ಸರ್, ಕಾಲೇಜೇ ಗಟ್ಟಿ, ಅವರಮ್ಮ ಹಾಸ್ಟೆಲಿಗೆ ಚಾದರ ಕೂಡ ತಗೊಂಡಾಯ್ತು, ನೀಲಿ ಚಾದರ, ಎಂದೆ. ಆ ನೀಲಿ ಎಲ್ಲಿಂದ ಬಂತೋ, ಅಂಕಿಯನ್ನು ಅವರು ನಂಬುತ್ತಿರಲಿಲ್ಲ, ಚಾದರವನ್ನು ನಂಬಿದರು, ಒಂದು ಸಾಲು ಬರೆದರು, ಪೆನ್ನಿಗೆ ಮುಚ್ಚಳ ಹಾಕಿದರು, ಟಕ್. ನೀನೂ ಚೆನ್ನಾಗಿ ಹಿಡೀತೀಯಪ್ಪಾ, ಎಂದರು ಹೋಗುತ್ತಾ.

ಆಮೇಲೆ ಜೂನ್, ಕ್ಲೀಟ್ ಮಾವನ ಅಂಗಡಿಯಲ್ಲಿ ಟೈರು ಬಿಚ್ಚುತ್ತಿದ್ದಾಗ ಕೋಚ್ ರಿಟರ್ ಫೋನು ಮಾಡಿದರು, ಕಾಲೇಜಿನ ಕೋಚು, ಡಾಲ್ಟನ್‌ನನ್ನೂ ನನ್ನನ್ನೂ ಒಟ್ಟಿಗೇ ಬನ್ನಿ ಎಂದವರು, ರೀಡ್, ಮುಚ್ಚುಮರೆ ಇಲ್ಲದೆ ಹೇಳ್ತೀನಿ, ನನ್ನ ಹತ್ರ ಇರೋದು ಒಂದೇ ರೊಟ್ಟಿ, ಅದನ್ನ ಎಲ್ಲರಿಗೂ ಹರಿದು ಹಂಚ್ಬೇಕು, ದೊಡ್ಡ ತುಂಡು ಡಾಲ್ಟನ್‌ಗೆ, ಅವನು ಕ್ಲಬ್ಬಿಗೆ ಸಹಿ ಹಾಕಿ ಹೋದ ಅಂದ್ರೆ ಅವನ ಸ್ಕಾಲರ್‌ಶಿಪ್ಪಲ್ಲಿ ಅರ್ಧ ನಿನಗೆ, ಅವನು ಬಂದ ಅಂದ್ರೆ ನೀನೂ ಬಾ, ಬೇಡ ಅನ್ನಲ್ಲ, ಬೆಂಚಲ್ಲಿ ಜಾಗ ಇದೆ, ದುಡ್ಡಿಲ್ಲ. ಟೈರಿನ ಗಾಳಿ ಬುಸ್ಸೆಂದು ಇಳಿಯುತ್ತಿತ್ತು, ಮಾವ ಆ ಕಡೆಯಿಂದ, ಯಾರೋ ಅದು, ಎಂದ, ಯಾರಿಲ್ಲ, ಎಂದೆ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದಿನಕ್ಕೆ ಹತ್ತು ಗಂಟೆ ಇಸ್ತ್ರಿ ಹಿಡಿಯುತ್ತಾಳೆ, ಬೆಂಚಿನ ಜಾಗಕ್ಕೆ ಅವಳು ಫೀಸು ಕಟ್ಟಲಾರಳು, ಅರ್ಧ ಸಿಕ್ಕಿದರೆ ಹೋಗುತ್ತೇನೆ, ಸಿಗದಿದ್ದರೆ ಟೈರು, ಇಷ್ಟೇ ಲೆಕ್ಕ, ಅದನ್ನು ನಾನು ಏಪ್ರಿಲಿನಲ್ಲೇ ಕೆಡಿಸಿಟ್ಟಿದ್ದೆ. ಬಿಗರ್ಸ್ ಅವರನ್ನು ಹುಡುಕಿ ಹೇಳಬಹುದಿತ್ತು, ಸರ್, ಚಾದರ ಸುಳ್ಳು, ಅವನು ಎರಡು ಲಕ್ಷಕ್ಕೂ ಬರುತ್ತಾನೆ, ಹೇಳಲಿಲ್ಲ, ಎರಡು ಸಲ ನಂಬರು ಒತ್ತಿ ಅಳಿಸಿದೆ, ಆಗಲೂ ನನ್ನೊಳಗೆ ಒಂದು ಹಲ್ಲು ಕಚ್ಚಿಕೊಂಡಿತ್ತು, ಅವನಿಗೆ ಲಕ್ಷಗಳು, ನನಗೆ ಅವನು ಬಿಟ್ಟುಹೋದ ತುಂಡಿನ ಅರ್ಧ, ಅದಕ್ಕೂ ಅವನಿಗೇ ಥ್ಯಾಂಕ್ಸ್ ಹೇಳಬೇಕು — ಆದರೂ ಈಗ ಈ ಮಾಡಿನ ಕೆಳಗೆ ಫೋನನ್ನು ಅವನಿಗಿಂತ ಹೆಚ್ಚು ದಿಟ್ಟಿಸುತ್ತಿರುವವನು ನಾನು, ರಿಂಗಾಗು, ರಿಂಗಾಗು, ಅವನನ್ನು ಕರೆದುಕೊಂಡು ಹೋಗು, ಹೊಟ್ಟೆ ಉರಿದರೆ ಉರಿಯಲಿ.

ರಿಂಗಾಯಿತು. ಮಿಸ್ಟರ್ ರಾಯ್ಸ್ ಕುರ್ಚಿ ಉರುಳಿಸಿ ಎದ್ದರು, ಸ್ಪೀಕರಲ್ಲಿ ಹಾಕು, ಸ್ಪೀಕರಲ್ಲಿ, ಸಲಹೆಗಾರ ಕೆಲ್ಲರ್‌ನ ಧ್ವನಿ ಏದುತ್ತಿತ್ತು, ರಾಯ್ಸ್, ಕೇಳಿ, ಟೈಮಿಲ್ಲ, ಬಿಗರ್ಸ್ ಅವರ ಕ್ಲಬ್ಬು ನಾಲ್ಕನೇ ಸುತ್ತಲ್ಲಿ ನಮ್ಮ ಹುಡುಗನಿಗೆ ಅಂತ ನಾಲ್ಕು ಲಕ್ಷ ಇಟ್ಕೊಂಡಿತ್ತು, ಇನ್ನೆರಡು ಹೆಸರಾದ್ಮೇಲೆ ಅವರ ಸರದಿ, ಆದ್ರೆ ಅವರ ಫೈಲಲ್ಲಿ ಒಂದು ಸಾಲು ಅಡ್ಡ ಕೂತಿದೆ, ಹುಡುಗ ಹತ್ತು ಲಕ್ಷಕ್ಕೆ ಕಮ್ಮಿ ಬರಲ್ಲ, ಹಾಸ್ಟೆಲಿಗೆ ಚಾದರ ಕೂಡ ತಗೊಂಡಾಗಿದೆ ಅಂತ, ಟ್ಯಾಮಿ, ಚಾದರ ತಗೊಂಡ್ರಾ? ಯಾವ ಚಾದರ? ಮಿಸ್ ಟ್ಯಾಮಿ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು, ನಾನು ಒಂದು ದಿಂಬಿನ ಚೀಲಾನೂ ತಗೊಂಡಿಲ್ಲ, ಹತ್ತು ಅಂತ ಯಾರಂದ್ರು, ರಾಯ್ಸ್, ನೀನಾ? ದೇವರಾಣೆ, ನಾನಂದಿದ್ದು ಏಳು! ಡಾಲ್ಟನ್ ಎದ್ದು ಫೋನಿನ ಮೇಲೆ ಬಗ್ಗಿದ, ನಾಲ್ಕು ಲಕ್ಷಕ್ಕೆ ಬರ್ತೀನಿ, ಹೇಳಿ ಸರ್, ನಾಲ್ಕಕ್ಕೆ ಬರ್ತೀನಿ, ಮಿಸ್ಟರ್ ರಾಯ್ಸ್ ಬಾಯಿ ತೆರೆದರು, ಮುಚ್ಚಿದರು, ತಲೆ ಆಡಿಸಿದರು. ತಡಿ, ಎಂದಿತು ಫೋನು, ಕರೆ ಕಡಿಯಿತು. ಟೀವಿಯಲ್ಲಿ ಒಂದು ಹೆಸರು. ಇನ್ನೊಂದು. ಆಮೇಲೆ ಆ ಕ್ಲಬ್ಬು, ಅದರ ಟೋಪಿ, ಆರೆಗಾನ್ ಕಡೆಯ ಯಾವನೋ ಹುಡುಗ, ಹಲ್ಲಿಗೆ ತಂತಿ, ಅವನ ಅಮ್ಮ ಅವನನ್ನು ತಬ್ಬಿಕೊಂಡು ಕುಣಿಯುತ್ತಿದ್ದಾಳೆ. ಫೋನು ಮತ್ತೆ, ಈ ಸಲ ಮೆಲ್ಲಗೆ, ಆ ಸಾಲು ನಂಬಿ ಆ ದುಡ್ಡನ್ನ ಬೆಳಿಗ್ಗೇನೇ ಆ ಆರೆಗಾನ್ ಹುಡುಗನಿಗೆ ಕೊಡ್ತೀವಿ ಅಂತ ಮಾತು ಕೊಟ್ಟುಬಿಟ್ಟಿದ್ರಂತೆ, ರಾಯ್ಸ್, ಆ ಸಾಲು ಬರೆಸಿದವರು ಯಾರೋ, ಹತ್ತಿರದವರೇ ಇರ್ಬೇಕು. ಐದನೆಯ ಸುತ್ತು, ಆರನೆಯದು, ಉಳಿದ ಕ್ಲಬ್ಬುಗಳಿಗೂ ಅದೇ ಸುದ್ದಿ ಮುಟ್ಟಿರಬೇಕು, ಎಂಟನೆಯದಕ್ಕೆ ಪಪಾ ಎದ್ದು ಟೀವಿ ಆರಿಸಿದರು, ಶೇಂಗಾ ಸಿಪ್ಪೆಯ ನೀರು ಮೇಜಿನಿಂದ ತೊಟ್ಟಿಕ್ಕುತ್ತಿತ್ತು, ಯಾರೂ ಒರೆಸಲಿಲ್ಲ.

ಹತ್ತಿರದವರು ಎಂದರೆ ಯಾರು, ಮಾಡಿನ ಕೆಳಗೆ ಹನ್ನೊಂದು ಜನ, ಎಲ್ಲರೂ ಹತ್ತಿರದವರು, ಡಾಲ್ಟನ್ ಚೆಂಡಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕೂತಿದ್ದಾನೆ, ತಲೆ ಎತ್ತುತ್ತಾನೆ, ನನ್ನನ್ನು ನೋಡುತ್ತಾನೆ, ಅರವತ್ತು ಅಡಿ ದೂರದಿಂದ ನಾಲ್ಕು ವರ್ಷ ನೋಡಿದ ಹಾಗೆ, ಯಾವ ಚೆಂಡು ಎಸೆಯಲಿ ಹೇಳು ಎಂದು ನನ್ನ ಬೆರಳುಗಳ ಸನ್ನೆಗಾಗಿ ಕಾಯುತ್ತಿದ್ದ ಹಾಗೆ, ನನ್ನ ಬೆರಳುಗಳು ಮೊಣಕಾಲುಗಳ ನಡುವೆ ಮುಷ್ಟಿಯಾಗಿವೆ, ನೇರಳೆ ಬುಡ ಮಿಡಿಯುತ್ತಿದೆ, ಗೊತ್ತಾಯಿತೇ ಅವನಿಗೆ, ಎರಡು ಲಕ್ಷದ ವಿಷಯ ನನಗೆ ಮಾತ್ರ ಹೇಳಿದ್ದ, ನನಗೆ ಮಾತ್ರ, ಇಲ್ಲ, ನೋಟ ಇಳಿಯಿತು, ಹೋಗ್ಲಿ ಬಿಡು, ಎನ್ನುತ್ತಾನೆ, ಯಾರಿಗೆಂದು ತಿಳಿಯುವುದಿಲ್ಲ. ಮಿಸ್ ಟ್ಯಾಮಿ ಒರೆಸುವ ಬಟ್ಟೆಯಿಂದಲೇ ಮೂಗು ಒರೆಸಿಕೊಂಡು ನನ್ನ ಹಿಂದೆ ಬಂದು ನಿಲ್ಲುತ್ತಾರೆ, ಕೈ ನನ್ನ ಹೆಗಲ ಮೇಲೆ, ಸರಿ, ಕಾಲೇಜೇನು ಜೈಲಾ, ಮೂರು ವರ್ಷ ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಹೋಗುತ್ತೆ, ನೀವಿಬ್ರೂ ಒಟ್ಟಿಗೇ ಇರ್ತೀರಲ್ಲ, ನನಗೆ ಅದೇ ಸಮಾಧಾನ, ಜನ ನನ್ನ ಬಾಯಿಗೆ ಚಾದರ ತುರುಕಿಬಿಟ್ರು, ಇನ್ನು ನಿಜವಾಗ್ಲೂ ತಗೋಬೇಕಲ್ಲ, ನಾಳೆ ಪೇಟೆಗೆ ಹೋಗ್ತೀನಿ, ಇಬ್ರಿಗೂ ಎರಡೆರಡು ಜೊತೆ ತರ್ತೀನಿ, ನಿನ್ನದು ನನ್ನ ಲೆಕ್ಕ, ನಿಮ್ಮಮ್ಮನಿಗೆ ಹೇಳ್ಬೇಡ, ರೀಡ್, ಕೇಳಿಸ್ತಾ, ನಿನಗೆ ಯಾವ ಬಣ್ಣ ಬೇಕಪ್ಪಾ — ಯಾವ ಬಣ್ಣ, ನಾನು ಆಗಲೇ ಹೇಳಿಯಾಗಿದೆ ಮಿಸ್ ಟ್ಯಾಮಿ, ಏಪ್ರಿಲಿನಲ್ಲೇ, ಬಲೆಯ ಹತ್ತಿರ, ಕೂದಲು ಸರಿಮಾಡಿಕೊಂಡು, ಅವರ ಕೈ ನನ್ನ ಹೆಗಲ ಮೇಲೆ ಕಾಯುತ್ತಿದೆ, ಬೆಚ್ಚಗೆ, ಉಪ್ಪು ನೀರಿನ ವಾಸನೆ, ಮತ್ತು ಬಿಗರ್ಸ್ ಒಂದು ಸಾಲು ಬರೆಯುತ್ತಾರೆ, ಪೆನ್ನನ್ನು ಬೆಳಕಿಗೆ ಎತ್ತುತ್ತಾರೆ, ಮುಚ್ಚಳ ಹಾಕುತ್ತಾರೆ, ಟಕ್, ಮುಚ್ಚಳ ಹಾಕುತ್ತಾರೆ, ಟಕ್, ಮುಚ್ಚಳ