ಅವರ ಎಲೆಗೆ ಬಡಿಸಬೇಕಾದದ್ದು

ಸತ್ತವರಿಗೆ ಬಡಿಸುವ ದಿನ ಹತ್ತಿರ ಬಂದಿತ್ತು. ನಮ್ಮಲ್ಲಿ ವರ್ಷಕ್ಕೊಮ್ಮೆ ಅವರ ಹೆಸರಿನಲ್ಲಿ ಬಾಳೆಲೆ ಹಾಕಿ, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಇಷ್ಟವಿಲ್ಲದ್ದನ್ನು ಬಡಿಸಿದರೆ ಎಲೆ ಮುಟ್ಟದೆ ಹೋಗುತ್ತಾರಂತೆ. ನನ್ನ ಗಂಡನಿಗೆ ಇದು ಮೊದಲ ಎಲೆ.

“ಅಂವಂಗೆ ಎಂತ ಇಷ್ಟ ಇತ್ತ್ ಮಗಾ? ನೀನೇ ಅಲ್ಲವಾ ಹೇಳೊಕು?” ಎಂದರು ಅತ್ತೆ ದುಗ್ಗಮ್ಮ.

ನನಗೆ ಗೊತ್ತಿರಲಿಲ್ಲ. ನನ್ನ ಗಂಡ ತೀರಿಹೋಗುವಾಗ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಪುತ್ತೂರಿನಲ್ಲಿ ಗುಮಾಸ್ತೆ ಕೆಲಸ. ಶನಿವಾರ ಸಂಜೆ ನಮ್ಮೂರು ಆಲೆಟ್ಟಿಗೆ ಬರುವಾಗ ಪುತ್ತೂರಿನ ಮಾರ್ಕೆಟ್ಟಿನಿಂದ ಬಂಗುಡೆ ಮೀನು ತರುತ್ತಿದ್ದರು. ಏನು ಬಡಿಸಿದರೂ ತಿಂದು ‘ಲಾಯ್ಕಾಗಿದೆ’ ಎನ್ನುತ್ತಿದ್ದರು. ಎಲ್ಲದಕ್ಕೂ ಅದೇ ಮಾತು.

“ಬಂಗುಡೆ ಇರಬೇಕು,” ಎಂದೆ.

“ಇರೊಕು ಹೇಳ್ರೆ ಸಾಲದ್. ಗೊತ್ತಿರೊಕು.”

ಮರುದಿನ ಪುತ್ತೂರಿನ ಬಸ್ಸು ಹತ್ತಿದೆ.

ಮಾರ್ಕೆಟ್ಟು ಬ್ರಿಟಿಷ್ ಕಲೆಕ್ಟರರ ಕಾಲದ್ದು. ದಪ್ಪ ಕಲ್ಲಿನ ಕಂಬಗಳ ಮೇಲೆ ಎತ್ತರದ ಹೆಂಚಿನ ಮಾಡು, ನಡುನಡುವೆ ಗಾಜಿನ ಹೆಂಚು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಕೆರೆಯೊಳಗೆ ಇಳಿದ ಹಾಗಾಯಿತು. ಬೆಳಕು ಕೋಲುಕೋಲಾಗಿ ಇಳಿದು ಒಂದು ಕಡೆ ಬಾಳೆಗೊನೆಯ ಮೇಲೆ, ಇನ್ನೊಂದು ಕಡೆ ಯಾರದೋ ಮುಂಡಾಸಿನ ಮೇಲೆ ಕೂತಿತ್ತು. ತುಳು, ಬ್ಯಾರಿ, ಮಲಯಾಳ, ನಮ್ಮ ಅರೆಭಾಷೆ, ಎಲ್ಲ ಮಾತುಗಳೂ ಮಾಡಿಗೆ ತಾಗಿ, ಯಾರ ಮಾತು ಯಾವುದೆಂದು ತಿಳಿಯದಂತೆ ಬೆರೆತು, ಮೆಲ್ಲಗೆ ಕೆಳಗೆ ಬೀಳುತ್ತಿದ್ದವು.

ಮದರಾಸಿನಲ್ಲಿ ಬಿ.ಎ. ಓದುವಾಗ ಇದಕ್ಕಿಂತ ಎಷ್ಟೋ ದೊಡ್ಡ ಮಾರ್ಕೆಟ್ಟು ನೋಡಿದ್ದೆ. ಅಲ್ಲಿ ದಾರಿ ತಪ್ಪಿರಲಿಲ್ಲ. ಇಲ್ಲಿ ತಪ್ಪಿತು. ಬೆಲ್ಲದ ಸಾಲು ಕಳೆದು ಒಣಮೆಣಸಿನ ಸಾಲು ಬಂತು, ಅದು ಕಳೆದು ಮತ್ತೆ ಬೆಲ್ಲವೇ ಬಂತು. ನಾನು ನಡೆಯುತ್ತಿರಲಿಲ್ಲ, ನೀರು ಎಲೆಯನ್ನು ಒಯ್ಯುವಂತೆ ಆ ಜಾಗವೇ ನನ್ನನ್ನು ಒಯ್ಯುತ್ತಿತ್ತು. ಪ್ರತಿ ಶನಿವಾರ ಅವರು ಇದೇ ಒದ್ದೆ ಕಲ್ಲುಗಳ ಮೇಲೆ ನಡೆದಿದ್ದರು. ಮುಂದಿನ ಕಂಬದ ಹತ್ತಿರ ಅವರು ತೊಡುತ್ತಿದ್ದಂಥ ಬಿಳಿ ಅಂಗಿಯೊಂದು ತಿರುಗಿತು. ನಾನು ಅವಸರ ಮಾಡಲಿಲ್ಲ. ಕಂಬದ ಆಚೆ ಬಿಳಿ ಅಂಗಿಯವರು ಯಾರೂ ಇರಲಿಲ್ಲ. ಮೀನಿನ ಕಟ್ಟೆ ಇತ್ತು.

“ಬನ್ನಿ ಅಕ್ಕಾ, ಬಂಗುಡೆ ನೋಡಿ, ಇನ್ನೂ ಕಣ್ಣು ಮುಚ್ಚಲಿಲ್ಲ!” ಎಂದು ಮೀನು ಮಾರುತ್ತಿದ್ದ ಬ್ಯಾರಿಯೊಬ್ಬ ಕೂಗಿದ.

“ಮೀನು ಕಣ್ಣು ಮುಚ್ಚುದನ್ನು ನೀನು ಯಾವಾಗ ಕಂಡದ್ದು ಪೋಕರ್?” ಎಂದಳು ಬುಟ್ಟಿ ಹಿಡಿದು ನಿಂತಿದ್ದ ಹೆಂಗಸು.

ನಾನು ಕೇಳಿದೆ. “ಆಲೆಟ್ಟಿಯ ಜತ್ತಪ್ಪ ಅಂತ ಒಬ್ಬರು ಬರುತ್ತಿದ್ದರಲ್ಲ, ಶನಿವಾರ...” ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಪೋಕರ್ ಕತ್ತಿ ಕೆಳಗಿಟ್ಟ. “ನೀವು ಅವರ ಮನೆಯವರಾ? ವಿಷಯ ಗೊತ್ತಾಯ್ತು ಅಕ್ಕಾ. ಒಳ್ಳೆ ಜನ. ರೇಟಿಗೆ ಚರ್ಚೆ ಮಾಡಿ ಮಾಡಿ ನನ್ನ ತಲೆ ತಿಂದಿದ್ದಾರೆ.”

“ಅವರಿಗೆ ಬಂಗುಡೆ ಅಂದರೆ ಇಷ್ಟವಾ?”

“ಅದು ನಿಮಗಲ್ಲವಾ? ‘ಮನೆಯವಳು ಬಂಗುಡೆಯ ತಲೆ ಸಹ ಬಿಡುದಿಲ್ಲ ಮಾರಾಯಾ’ ಹೇಳ್ತಿದ್ರು.”

ಬುಟ್ಟಿಯ ಹೆಂಗಸು ನಕ್ಕಳು. ನನ್ನ ಕಿವಿ ಬಿಸಿಯಾಯಿತು.

“ಮತ್ತೆ ಅವರಿಗೆ?”

ಅವನು ಗದ್ದದಿಂದಲೇ ಸಿಗಡಿಯ ರಾಶಿ ತೋರಿಸಿದ. ಎಟ್ಟಿ ಎನ್ನುತ್ತಾರೆ ಇಲ್ಲಿ. “ಈ ಎಟ್ಟಿಯ ಎದುರು ಕೈಕಟ್ಟಿ ನಿಲ್ಲುದು, ದೇವರ ಎದುರು ನಿಂತ ಹಾಗೆ. ತಕೊಳ್ಳಿ ಹೇಳಿದ್ರೆ, ‘ಬೇಡ ಪೋಕರ್, ತಿಂದ್ರೆ ಮೈ ತುರಿಸ್ತದೆ.’ ಅಷ್ಟು ಹೇಳಿ ಹಿಂದಿನ ಹೋಟೆಲಿಗೆ ಹೋಗಿ ಅದನ್ನೇ ತಿನ್ನುದು! ಎಂತ ಮನುಷ್ಯ ಮಾರಾಯ್ರೆ!”

ಕೆಲವು ಶನಿವಾರ ಅವರು ಮೊಣಕೈ ಕೆರೆದುಕೊಳ್ಳುತ್ತಿದ್ದರು. ಸೊಳ್ಳೆ ಎನ್ನುತ್ತಿದ್ದರು. ನಾನು ಎಣ್ಣೆ ಸವರುತ್ತಿದ್ದೆ, ಸೊಳ್ಳೆಗೆ ಬೈಯುತ್ತಿದ್ದೆ. ಅವರು ಕೈ ಚಾಚಿ, ತಪ್ಪು ಮಾಡಿದ ಮಗುವಿನ ಹಾಗೆ ಮೇಲೆ ಮಾಡಿನತ್ತ ನೋಡುತ್ತಾ ಕೂತಿರುತ್ತಿದ್ದರು.

ನನ್ನ ಗಂಟಲಿನಿಂದ ಏನೋ ಸದ್ದು ಬಂತು. ನಗು ಎಂದು ಆಮೇಲೆ ತಿಳಿಯಿತು. ಗಾಜಿನ ಹೆಂಚಿನ ಬೆಳಕು ಸರಿದು ಎಟ್ಟಿಯ ರಾಶಿಯ ಮೇಲೆ ಬಂದಿತ್ತು. ಒಂದೊಂದೂ ಒಳಗಿನಿಂದ ಬೆಳಗಿದ ಹಾಗೆ ಕಾಣುತ್ತಿತ್ತು. ಎಷ್ಟು ಹೊತ್ತು ನಿಂತೆನೋ.

“ಕಟ್ಟಿಕೊಡಿ,” ಎಂದೆ.

ಮನೆಯಲ್ಲಿ ಪೊಟ್ಟಣ ಬಿಚ್ಚಿದ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. “ಅಯ್ಯೋ, ಎಟ್ಟಿಯಾ! ಅದ್ ಅಂವಂಗೆ ಆಗುದಿಲ್ಲ ಮಗಾ! ಸಣ್ಣದಿರುವಾಗ ಒಂದ್ ತಿಂದ್ರೆ ಮೈ ಇಡೀ ದದ್ದು ಏಳ್ತಿತ್ತ್. ಮನೆಯೊಳಗೆ ತಾರದೆ ಬೆಳೆಸಿದ್ದೆ ನಾನ್. ನೀ ಅದನ್ನೇ ಬಡಿಸ್ತಿಯಾ?”

“ಇಷ್ಟ ಇತ್ತು ಅತ್ತೆ. ಕದ್ದು ತಿನ್ನುತ್ತಿದ್ದರು.”

“ತುರಿಸುದಿಲ್ಲವಾ ಅಂವಂಗೆ?”

“ಇನ್ನು ತುರಿಸುವುದಿಲ್ಲ.”

ಹೇಳಿದ ಮೇಲೆ ಆ ಮಾತು ನನಗೇ ಕೇಳಿಸಿತು. ಅತ್ತೆ ನಿಂತಲ್ಲೇ ಕೂತರು. ಆಮೇಲೆ ಒಂದು ಎಟ್ಟಿ ಎತ್ತಿಕೊಂಡು ಸುಲಿಯತೊಡಗಿದರು. ನಾನೂ ಎದುರು ಕೂತೆ. ನನ್ನ ಎರಡೂ ಕೈಗೆ ಎಟ್ಟಿಯ ಸಿಪ್ಪೆ ಮೆತ್ತಿತ್ತು. ಸೆರಗಿನ ಒಣಗಿದ ತುದಿಯಿಂದ ಅವರೇ ನನ್ನ ಕಣ್ಣು ಒರೆಸಿದರು.

ಆ ದಿನ ಎಲೆಯ ಮುಂದೆ ಸೌಟು ಹಿಡಿದು ಬಗ್ಗಿದಾಗ ಅತ್ತೆ ನನ್ನ ಬೆನ್ನ ಹಿಂದೆ ನಿಂತಿದ್ದರು.

“ಇನ್ನೊಂದು ಸೌಟು ಹಾಕ್ ಮಗಾ,” ಎಂದರು. “ಹೊಟ್ಟೆ ತುಂಬ ತಿನ್ನಲಿ.”

ಹಾಕಿದೆ. ಬಾಗಿಲು ಎಳೆದು ಇಬ್ಬರೂ ಹೊರಗೆ ನಿಂತೆವು.