ನಡುವಿನ ಹೂಗಳು

ನನ್ನ ಗಂಡ ನನಗೆ ಹೂವೇ ತರುತ್ತಿರಲಿಲ್ಲ ಅಂತಲ್ಲ. ತರುತ್ತಿದ್ದರು, ನಡುಭಾಗ ಕತ್ತರಿಸಿಕೊಂಡು ಉಳಿದದ್ದನ್ನು.

ಸಸ್ಯೋದ್ಯಾನದಲ್ಲಿ ಹೂ ಬಿಡಿಸಿ ನೋಡುವುದೇ ಅವರ ಉದ್ಯೋಗ. ಹೈಡ್ರೇಂಜಿಯಾ ಗೊಂಚಲಿನ ಅಂಚಿನಲ್ಲಿ ಅಗಲವಾದ ಹೂಗಳು ಬೆಡಗು ಮಾಡಿಕೊಂಡು ನಿಂತಿರುತ್ತವಲ್ಲ, ಅವು ಬರೀ ದುಂಬಿ ಕರೆಯುವುದಕ್ಕೆ. ದಳದಂತೆ ಕಾಣುವುದು ದಳವೇ ಅಲ್ಲ, ಹಿಗ್ಗಿದ ಪುಷ್ಪಪತ್ರ, ಮೊಗ್ಗಿನ ಹೊರಹೊದಿಕೆ. ಬೀಜ ಕಟ್ಟುವುದು ನಡುವಿನ ಸಾಸಿವೆಯಂಥ ಹೂಗಳು. ಅವು ಮನೆಯಲ್ಲೇ ಇದ್ದ ಅವರ ಮೈಕ್ರೋಸ್ಕೋಪಿನ ಮೇಜಿಗೆ, ಅಂಚಿನವು ನನಗೆ.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗೊತ್ತಿದ್ದೂ ನನಗೆ ಇದನ್ನೇ ಕೊಡ್ತೀರಲ್ಲ. ಒಂದ್ಸಲ ಇಡೀ ಗೊಂಚಲು ತಂದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ರೇಗುತ್ತಿದ್ದೆ.

"ಈ ಕೆಲಸ ಒಂದು ಮುಗೀಲಿ ಕಣೇ, ಇಡೀದೇ ತರ್ತೀನಿ."

ಆ ಕೆಲಸವೋ, ಗಿಡಗಳಲ್ಲಿ ದಾಯಾದಿಗಳ ಸಂಬಂಧ ಹುಡುಕುವುದು. ಅಂಚಿನ ಹೂಗಳೇ ಇಲ್ಲದ, ನೀಲಿ ಹಣ್ಣಿನ ಗಿಡವೊಂದನ್ನು ಹಿಂದಿನವರು ಬೇರೆ ಕುಲಕ್ಕೆ ಹಾಕಿದ್ದರು. ವಂಶವಾಹಿ ಓದುವವರು ಅದೂ ಹೈಡ್ರೇಂಜಿಯಾ ಮನೆಯದೇ ಅಂದರು. ಇವರಿಗೆ ಅಷ್ಟು ಸಾಲದು, ಹೂವೇ ಬಾಯಿಬಿಡಬೇಕು. ಎರಡರ ಮೊಗ್ಗನ್ನೂ ಸೀಳಿ, ಬೀಜ ಕಟ್ಟುವ ಅಂಡಾಶಯ ಹೂವಿನ ಬುಡದಲ್ಲಿ ಎಷ್ಟು ಹೂತುಕೊಂಡಿದೆ ಅಂತ ಹೋಲಿಸುತ್ತ ಅರ್ಧ ಆಯಸ್ಸು ಕಳೆದರು. ನನಗೆ ಆ ನೀಲಿ ಹಣ್ಣಿನ ಮೇಲೆ ಸವತಿಯ ಮೇಲಿನಷ್ಟು ಹೊಟ್ಟೆಕಿಚ್ಚು.

ನಿನ್ನೆ ಬಾಗಿಲು ತೆಗೆದರೆ, ಕೈಯಲ್ಲಿ ಇಡೀ ಗೊಂಚಲು.

"ಅಂತೂ ಕೆಲಸ ಮುಗೀತಾ ರೀ?" ನನಗೆ ನಗು ತಡೆಯಲಾಗಲಿಲ್ಲ.

"ಇಲ್ಲ ಕಣೇ." ಚಪ್ಪಲಿ ಬಿಡಲು ಕಾಲಲ್ಲೇ ತಡಕಿದರು. "ನೋಡಿದ ಕಡೆ ನಡುವೆ ಕಪ್ಪು ಕೂತಿದೆ. ಸುತ್ತ ಮಾತ್ರ ಕಾಣುತ್ತೆ. ಹೋದದ್ದು ವಾಪಸ್ ಬರಲ್ಲ ಅಂದ್ರು ಕಣ್ಣಿನ ಡಾಕ್ಟ್ರು. ನೀನೇ ಇಟ್ಕೋ."

ಇಷ್ಟು ವರ್ಷ ಕೇಳಿ ಕೇಳಿ ಪಡೆದ ಹೂವನ್ನು ಹಿಡಿದುಕೊಳ್ಳಲೂ ಆಗಲಿಲ್ಲ. ನಡುಭಾಗ ಕತ್ತರಿಸಿ ಅವರ ಮೇಜಿಗೆ ಒಯ್ದೆ. ಒಂದು ಮೊಗ್ಗನ್ನು ಅವರು ಹೇಳಿದಂತೆ ಸೀಳಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಅವರು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತರು.

"ಅಂಡಾಶಯ ಎಲ್ಲಿದೆ ನೋಡು. ಬುಡದೊಳಗೆ ಪೂರ್ತಿ ಹೂತಿದ್ಯಾ, ಸ್ವಲ್ಪ ತಲೆ ಎತ್ತಿದ್ಯಾ?"

ಕಣ್ಣು ಒರೆಸಿಕೊಂಡು ನೋಡಿದೆ, ಮತ್ತೆ ಒರೆಸಿಕೊಂಡೆ. ಗಾಜಿನ ತುಂಬ ನೀರೇ.

"ಹೇಳೇ, ಏನು ಕಾಣ್ತಿದೆ?"

"ನನಗೂ ಏನೂ ಕಾಣ್ತಿಲ್ಲ ರೀ," ಅಂದೆ.